ಹನ್ಸಾ ಕೊಲ್ಲಿಯ ಹನ್ನೊಂದು ಮಂದಿ

(ನಮ್ಮ ಬಡಾವಣೆಯ ವಾಚನಾಲಯದಲ್ಲಿ ಆಡಿದ ಮಾತುಗಳಿವು. ಬರೆದುಕೊಡಿ ಎಂದು ಕೆಲವರು ಕೇಳಿದ್ದರಿಂದ, ಪುನರುಕ್ತಿಗಳನ್ನು ತೆಗೆದು, ಕೊನೆಯಲ್ಲಿ ಬಂದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನೂ ಸೇರಿಸಿ ಇಲ್ಲಿ ಕೊಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಎರಡನೆಯ ಮಹಾಯುದ್ಧದ ಕಾಲ, 1944ರ ಮಾರ್ಚ್ 11ರಂದು ನ್ಯೂಗಿನಿಯ ಉತ್ತರ ಕರಾವಳಿಯ ಮೇಲೆ ಅಮೆರಿಕದ ಬಾಂಬರ್ ವಿಮಾನಗಳು ದಾಳಿಗೆ ಹೋಗಿದ್ದವು. ಗುರಿ, ಹನ್ಸಾ ಕೊಲ್ಲಿಯ ಆಸುಪಾಸಿನಲ್ಲಿದ್ದ ಜಪಾನಿ ವಿಮಾನನಿರೋಧಕ ಫಿರಂಗಿಗಳು. ಹೊರಟಿದ್ದು ಒಳನಾಡಿನ ನಾಡ್ಜಾಬ್ ನೆಲೆಯಿಂದ. ಆ ವಿಮಾನಗಳಲ್ಲಿ ಒಂದರ ಮೂತಿಯ ಮೇಲೆ ‘ಹೆವನ್ ಕ್ಯಾನ್ ವೇಟ್’ ಎಂದು ಬರೆದಿತ್ತು. ಸ್ವರ್ಗಕ್ಕೇನೂ ಅವಸರವಿಲ್ಲ, ಅದು ಕಾಯಲಿ ಎಂಬ ಹುಡುಗಾಟದ ಹೆಸರು. ಅಕ್ಕಪಕ್ಕದ ವಿಮಾನಗಳಲ್ಲಿದ್ದವರು ಕಂಡದ್ದನ್ನು ಆಮೇಲೆ ಬರೆದುಕೊಟ್ಟರು: ಬಾಂಬುಗಳನ್ನಿಡುವ ಒಡಲಿನಿಂದ ಬೆಂಕಿ ಹೊರಬಂತು, ನೋಡನೋಡುತ್ತಿದ್ದಂತೆ ಬಾಲದತ್ತ ಹರಡಿತು, ವಿಮಾನ ಮೂತಿ ಮೇಲೆತ್ತಿತು, ಬಳಿಕ ಪಕ್ಕಕ್ಕೆ ವಾಲಿ ಸಮುದ್ರಕ್ಕೆ ಬಿತ್ತು. ಉಳಿದ ವಿಮಾನಗಳು ಬಿದ್ದ ಜಾಗದ ಮೇಲೆ ಸುತ್ತು ಹಾಕಿ ನೋಡಿದವು. ಈಜುವವರು ಯಾರೂ ಕಾಣಿಸಲಿಲ್ಲ. ಒಳಗಿದ್ದವರು ಹನ್ನೊಂದು ಮಂದಿ.

ಈ ವಿಮಾನ ಸಿಕ್ಕಿದ್ದು 2017ರ ಅಕ್ಟೋಬರಿನಲ್ಲಿ, ಎಪ್ಪತ್ತಮೂರು ವರ್ಷಗಳ ಮೇಲೆ. ಸುದ್ದಿ ಹೊರಬಿದ್ದಾಗ ಪತ್ರಿಕೆಗಳು ಸಮುದ್ರದ ರೋಬಾಟ್‌ಗಳನ್ನೂ, ಶಬ್ದದ ಪ್ರತಿಧ್ವನಿಯಿಂದ ತಳವನ್ನು ಕಾಣಿಸುವ ಸೋನಾರ್ ಚಿತ್ರಗಳನ್ನೂ ದೊಡ್ಡದಾಗಿ ಅಚ್ಚು ಹಾಕಿದವು. ತಪ್ಪೇನಿಲ್ಲ, ಚಿತ್ರಗಳು ಚೆನ್ನಾಗಿಯೇ ಇದ್ದವು. ಆದರೆ ನನ್ನ ಮಟ್ಟಿಗೆ ಆ ವಿಮಾನ ಮೊದಲು ಸಿಕ್ಕಿದ್ದು ಕಾಗದಗಳ ನಡುವೆ. ಸಮುದ್ರದಲ್ಲಿ ಸಿಕ್ಕಿದ್ದು ಆಮೇಲೆ. ಈ ಸಂಜೆ ಹೇಳಬೇಕೆಂದಿರುವುದು ಆ ಕಾಗದಗಳ ವಿಚಾರವನ್ನೇ.

ಮೊದಲು ಜಾಗ ಎಲ್ಲಿದೆ ನೋಡೋಣ. ನ್ಯೂಗಿನಿ ಜಗತ್ತಿನ ಎರಡನೆಯ ಅತಿ ದೊಡ್ಡ ದ್ವೀಪ, ಆಸ್ಟ್ರೇಲಿಯಾದ ನೆತ್ತಿಯ ಮೇಲೆ ಕೂತಿದೆ. ಅದರ ಪೂರ್ವಾರ್ಧವೇ ಇಂದಿನ ಪಪುವಾ ನ್ಯೂಗಿನಿ. ಉತ್ತರ ದಂಡೆಯಲ್ಲಿ ಮಡಾಂಗ್ ಮತ್ತು ವೆವಾಕ್ ಎಂಬ ಎರಡು ಊರುಗಳ ನಡುವೆ ಹನ್ಸಾ ಕೊಲ್ಲಿ ಇದೆ. ಪಕ್ಕದಲ್ಲೇ ರಾಮು ನದಿ ಸಮುದ್ರ ಸೇರುತ್ತದೆ. ಎದುರಿಗೆ, ದಂಡೆಯಿಂದ ತುಸು ದೂರದಲ್ಲಿ, ಇಂದಿಗೂ ಹೊಗೆಯಾಡುವ ಮಾನಮ್ ಎಂಬ ಜ್ವಾಲಾಮುಖಿ ದ್ವೀಪ. ಯುದ್ಧದಲ್ಲಿ ಇದು ಜಪಾನಿಯರ ಸರಕು ಇಳಿಸುವ ತಾಣವಾಗಿತ್ತು. ಹಾಗಾಗಿಯೇ ಕೊಲ್ಲಿಯ ತಳದಲ್ಲಿ ಹತ್ತಾರು ಜಪಾನಿ ಹಡಗುಗಳೂ ಮಲಗಿವೆ. ನದಿ ತರುವ ಹೂಳು ಎಲ್ಲವನ್ನೂ ಸಮವಾಗಿ ಹೊದಿಸುತ್ತಾ ಬಂದಿದೆ.

ಇಲ್ಲಿ ಒಂದು ತಾರೀಕನ್ನು ಗಮನಿಸಬೇಕು. ಮಿತ್ರಪಡೆಗಳ ಮೂಲ ಯೋಜನೆಯಲ್ಲಿ ಮುಂದಿನ ದೊಡ್ಡ ಇಳಿದಾಣ ಹನ್ಸಾ ಕೊಲ್ಲಿಯೇ ಆಗಿತ್ತು. ಮಾರ್ಚ್ 12ರಂದು, ಅಂದರೆ ಈ ವಿಮಾನ ಬಿದ್ದ ಮರುದಿನ, ವಾಷಿಂಗ್ಟನ್ನಿನಿಂದ ಹೊರಟ ಆದೇಶ ಹನ್ಸಾವನ್ನು ಬದಿಗಿಟ್ಟು ನೂರಾರು ಕಿಲೋಮೀಟರ್ ಪಶ್ಚಿಮದ ಹೊಲಾಂಡಿಯಾಕ್ಕೆ ಹೋಗಲು ಹೇಳಿತು. ಏಪ್ರಿಲ್ 22ರಂದು ಅಮೆರಿಕದ ಸೇನಾಪತಿ ಮೆಕಾರ್ಥರ್‌ನ ಸೇನೆ ಇಳಿದದ್ದು ಹೊಲಾಂಡಿಯಾದಲ್ಲಿ. ಹನ್ಸಾ ಮೇಲಿನ ಬಾಂಬ್ ದಾಳಿ ಮಾತ್ರ ನಿಲ್ಲಲಿಲ್ಲ. ಇಳಿಯುವುದು ಇಲ್ಲಿಯೇ ಎಂದು ಜಪಾನಿ ಸೇನಾಪತಿ ಅಡಾಚಿ ನಂಬಿಕೊಂಡಿರಲಿ ಎಂಬುದೂ ಒಂದು ಉದ್ದೇಶವಾಗಿತ್ತು. ಹನ್ನೊಂದು ಮಂದಿಯ ಸಾವು ವ್ಯರ್ಥವೋ ಸಾರ್ಥಕವೋ ಎಂದು ನಾನು ತೀರ್ಪು ಕೊಡಲು ಹೋಗುವುದಿಲ್ಲ. ಒಂದು ದಿನದ ಅಂತರ ಮಾತ್ರ ಓದಿದಂದಿನಿಂದ ಮನಸ್ಸಿನಿಂದ ಹೋಗಿಲ್ಲ.

ಇನ್ನು ವಿಮಾನ. ಅದು ಬಿ-24 ಲಿಬರೇಟರ್, ನಾಲ್ಕು ಎಂಜಿನ್‌ಗಳ ಭಾರಿ ಬಾಂಬರ್. ಅಮೆರಿಕ ಇಂಥವನ್ನು 18 ಸಾವಿರಕ್ಕೂ ಹೆಚ್ಚು ಕಟ್ಟಿತು. ಫೋರ್ಡ್ ಕಂಪನಿಯ ವಿಲ್ಲೋ ರನ್ ಕಾರ್ಖಾನೆ ತನ್ನ ಉಚ್ಛ್ರಾಯದಲ್ಲಿ ಗಂಟೆಗೆ ಒಂದರಂತೆ ಹೊರತರುತ್ತಿತ್ತು. ಬೆಂಗಳೂರಿನವರಾದ ನಮಗೆ ಈ ವಿಮಾನ ಪೂರ್ತಿ ಪರಕೀಯವೇನಲ್ಲ. 1940ರಲ್ಲಿ ಮೈಸೂರು ಸರ್ಕಾರದ ಪಾಲುದಾರಿಕೆಯೊಂದಿಗೆ ವಾಲ್‌ಚಂದ್ ಹೀರಾಚಂದ್ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಯುದ್ಧಕಾಲದಲ್ಲಿ ಅಮೆರಿಕದ ಸೇನೆ ತನ್ನ ವಿಮಾನಗಳ ದುರಸ್ತಿಗೆ ಬಳಸಿಕೊಂಡಿತು. ಕ್ಯಾಟಲಿನಾ ಎಂಬ ನೀರಿನ ಮೇಲಿಳಿಯುವ ವಿಮಾನಗಳು ಆಗ ನಮ್ಮ ಬೆಳ್ಳಂದೂರು ಕೆರೆಗೆ ಇಳಿಯುತ್ತಿದ್ದವು. ಇಂದಿನ ಬೆಳ್ಳಂದೂರನ್ನು ನೋಡಿದವರು ನಂಬುವುದು ಕಷ್ಟ, ಆ ಮಾತು ಬಿಡಿ. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಮತ್ತೆ ಹಾರದಂತೆ ಕೆಡಿಸಿ ಬಿಟ್ಟುಹೋಗಿದ್ದ ಲಿಬರೇಟರ್‌ಗಳನ್ನು ಎಚ್‌ಎಎಲ್‌ನ ಪರೀಕ್ಷಾ ಪೈಲಟ್ ಜಮ್ಷೆಡ್ ಮುನ್ಷಿ ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿನ ಕೆಲಸಗಾರರು ನಲವತ್ತಕ್ಕೂ ಹೆಚ್ಚು ವಿಮಾನಗಳಿಗೆ ಮತ್ತೆ ಜೀವ ಕೊಟ್ಟರು. ಭಾರತೀಯ ವಾಯುಪಡೆ ಅವುಗಳನ್ನು 1968ರವರೆಗೂ ಹಾರಿಸಿತು. ಲಂಡನ್ನಿನ ಹೆಂಡನ್ ವಸ್ತುಸಂಗ್ರಹಾಲಯಕ್ಕೆ ಹೋದ ಲಿಬರೇಟರ್ ನಮ್ಮ ವಾಯುಪಡೆ ಕೊಟ್ಟದ್ದು. ಅಮೆರಿಕದಲ್ಲೇ ಇವತ್ತು ಉಳಿದಿರುವ ಬೆರಳೆಣಿಕೆಯ ಲಿಬರೇಟರ್‌ಗಳಲ್ಲೂ ಭಾರತದಿಂದ ಮರಳಿ ಹೋದವು ಇವೆ.

ಈ ವಿಮಾನಕ್ಕೆ ಒಂದು ದೊಡ್ಡ ದೋಷವಿತ್ತು: ಸಮುದ್ರದಲ್ಲಿ ಇಳಿಸಿದರೆ ಬದುಕುವುದು ಕಷ್ಟ. ರೆಕ್ಕೆಗಳು ಒಡಲಿನ ಮೇಲ್ಭಾಗಕ್ಕೆ ಕೂಡಿಕೊಂಡಿದ್ದರಿಂದ ನೀರಿಗೆ ಮೊದಲು ತಾಗುವುದು ಹೊಟ್ಟೆ. ಹೊಟ್ಟೆಗೆ ಇದ್ದದ್ದು ಅಂಗಡಿಯ ರೋಲಿಂಗ್ ಷಟರ್‌ನಂತೆ ಮೇಲಕ್ಕೆ ಸುತ್ತಿಕೊಳ್ಳುವ ತೆಳು ಬಾಗಿಲುಗಳು. ನೀರಿನ ಹೊಡೆತಕ್ಕೆ ಅವು ಕುಸಿದರೆ ಸಮುದ್ರವೇ ಒಳಗೆ ನುಗ್ಗುತ್ತದೆ. 1944ರ ಸೆಪ್ಟೆಂಬರಿನಲ್ಲಿ ವರ್ಜೀನಿಯಾದ ಜೇಮ್ಸ್ ನದಿಯ ಮೇಲೆ ವಿಜ್ಞಾನಿಗಳು ಬೇಕೆಂದೇ ಒಂದು ಲಿಬರೇಟರ್ ಇಳಿಸಿ ಚಿತ್ರೀಕರಿಸಿದರು. ಅಲೆಯಿಲ್ಲದ ನದಿ, ನುರಿತ ಪೈಲಟ್‌ಗಳು, ಕಾದು ನಿಂತ ದೋಣಿಗಳು, ಎಲ್ಲ ಇದ್ದರೂ ವಿಮಾನದ ಒಡಲು ಮುರಿಯಿತು. ಹಾರಿಸಿದವರೇನೋ ಬದುಕಿದರು. ಹೊತ್ತಿ ಉರಿಯುವ ವಿಮಾನ, ತೆರೆದ ಸಮುದ್ರ, ಕೆಳಗೆ ಶತ್ರುವಿನ ದಂಡೆ ಎಂದಾಗ ಏನಾದೀತು ಎಂಬುದನ್ನು ನೀವೇ ಊಹಿಸಿ.

ಬದುಕಿದವರೂ ಇದ್ದಾರೆ. 1943ರ ಮೇ 27ರಂದು ಹವಾಯಿಯ ದಕ್ಷಿಣಕ್ಕೆ ಬಿದ್ದ ಒಂದು ಲಿಬರೇಟರ್‌ನಲ್ಲೂ ಹನ್ನೊಂದು ಜನರೇ ಇದ್ದರು. ಅದು ಹೊರಟಿದ್ದೇ ಕಾಣೆಯಾಗಿದ್ದ ಇನ್ನೊಂದು ಲಿಬರೇಟರ್ ಹುಡುಕಲು. ಬಿದ್ದಾಗ ಉಳಿದವರು ಮೂವರು. ರಬ್ಬರ್ ತೆಪ್ಪದಲ್ಲಿ 47 ದಿನ ತೇಲಿ, ಜಪಾನಿಯರ ಕೈಗೆ ಸಿಕ್ಕಾಗ ಜೀವಂತ ಇದ್ದವರು ಇಬ್ಬರು, ಒಲಿಂಪಿಕ್ ಓಟಗಾರ ಲೂಯಿ ಜಾಂಪರಿನಿ ಮತ್ತು ಪೈಲಟ್ ರಸೆಲ್ ಫಿಲಿಪ್ಸ್. ಅವರ ಕಥೆ ಜಗತ್ತಿಗೆ ತಿಳಿದದ್ದು ಅವರು ಬದುಕಿ ಬಂದದ್ದರಿಂದ. ಹನ್ಸಾದ ಹನ್ನೊಂದು ಮಂದಿಗೆ ಹೇಳುವವರು ಬೇರೆಯವರೇ ಆಗಬೇಕಿತ್ತು.

ಆ ಹನ್ನೊಂದರಲ್ಲಿ ನಾಲ್ವರ ಬಗ್ಗೆ ನಾನು ಹೇಳಬಲ್ಲೆ. ಪೈಲಟ್ ಹರ್ಬರ್ಟ್ ಟೆನಿಸನ್, ಕ್ಯಾನ್ಸಾಸ್ ರಾಜ್ಯದವನು. ದಾರಿಯ ಲೆಕ್ಕ ಹಾಕುವ ನ್ಯಾವಿಗೇಟರ್ ಡೊನಾಲ್ಡ್ ಶೆಪಿಕ್, ಪೆನ್ಸಿಲ್ವೇನಿಯಾದವನು. ಬಾಂಬು ಬಿಡುವ ಹೊಣೆ ಹೊತ್ತಿದ್ದ ಬಾಂಬಾರ್ಡಿಯರ್ ಥಾಮಸ್ ಕೆಲ್ಲಿ, ಕ್ಯಾಲಿಫೋರ್ನಿಯಾದ ಲಿವರ್‌ಮೋರ್ ಊರಿನ ಇಪ್ಪತ್ತೊಂದರ ಹುಡುಗ. ರೇಡಿಯೊ ಆಪರೇಟರ್ ಯೂಜಿನ್ ಡ್ಯಾರಿಗನ್, ನ್ಯೂಯಾರ್ಕ್ ರಾಜ್ಯದವನು. ಡ್ಯಾರಿಗನ್‌ಗೆ ಎಳೆಯ ಮಗನಿದ್ದ. ರಜೆಯಲ್ಲಿ ಬಂದಾಗ ಮಗುವಿನ ನಾಮಕರಣದ ದೀಕ್ಷೆ ನೋಡಿ ಹೋಗಿದ್ದ. ಟೆನಿಸನ್ ಮತ್ತು ಶೆಪಿಕ್‌ರ ಹೆಂಡತಿಯರು ಅವರು ಹೊರಟಾಗ ಬಸುರಿಯರು. ಕೆಲ್ಲಿಗೆ ಮದುವೆ ನಿಶ್ಚಯವಾಗಿತ್ತು.

ಇಂಥ ಮನೆಗಳಿಗೆ ಮೊದಲು ಬರುವುದು ಒಂದು ತಂತಿ, ಇಂತಹವರು ಯುದ್ಧದಲ್ಲಿ ಕಾಣೆಯಾಗಿದ್ದಾರೆ ಎಂದು. ಹೆಣ ಸಿಗದಿದ್ದರೆ ಸತ್ತರೆಂದು ಕೂಡಲೇ ಹೇಳುವಂತಿಲ್ಲ. ಸೆರೆ ಸಿಕ್ಕಿರಬಹುದು, ಯಾವುದೋ ದ್ವೀಪ ಮುಟ್ಟಿರಬಹುದು. 1942ರಲ್ಲಿ ಅಮೆರಿಕ ಇದಕ್ಕೆಂದೇ ಕಾನೂನು ತಂದಿತು. ಕಾಣೆಯಾದವನ ಸಂಬಳ ಮನೆಗೆ ಬರುತ್ತಲೇ ಇರುತ್ತದೆ. ಹನ್ನೆರಡು ತಿಂಗಳು ಕಳೆದರೂ ಸುಳಿವಿಲ್ಲವೆಂದರೆ ಇಲಾಖೆ ಕಡತವನ್ನು ಮತ್ತೆ ತೆರೆದು ನೋಡಿ ಸತ್ತನೆಂದು ಘೋಷಿಸಬಹುದು. ಸರ್ಕಾರಕ್ಕೆ ಅಲ್ಲಿಗೆ ಲೆಕ್ಕ ಮುಗಿಯಿತು. ಟೆನಿಸನ್‌ನ ಹೆಂಡತಿಗೆ ಮುಗಿಯಲಿಲ್ಲ. ಅವರು ಮರುಮದುವೆಯಾಗಲಿಲ್ಲ. 96 ವರ್ಷ ಬದುಕಿದರು. ಗಂಡ ಒಂದು ದಿನ ಬಂದೇ ಬರುತ್ತಾನೆ ಎಂದು ಕೊನೆಯವರೆಗೂ ನಂಬಿದ್ದರೆಂದು ಮೊಮ್ಮಕ್ಕಳು ಹೇಳುತ್ತಾರೆ.

ಯುದ್ಧ ಮುಗಿದ ಮೇಲೆ ಅಮೆರಿಕದ ಸಮಾಧಿ ನೋಂದಣಿ ದಳ ಪೆಸಿಫಿಕ್ ದ್ವೀಪಗಳಲ್ಲೆಲ್ಲ ಅಲೆದು ತನ್ನ ಯೋಧರ ಮೂಳೆಗಳನ್ನು ಒಟ್ಟುಮಾಡಿತು. ಹನ್ಸಾ ಕೊಲ್ಲಿಯ ಸುತ್ತಲೂ ವಿಚಾರಿಸಿತು. ಏನೂ ಸಿಗದೆ, ಈ ಹನ್ನೊಂದು ಮಂದಿಯನ್ನು ಮರಳಿ ಪಡೆಯಲು ಸಾಧ್ಯವಿಲ್ಲದವರ ಪಟ್ಟಿಗೆ ಸೇರಿಸಿತು. ಅವರ ಹೆಸರುಗಳನ್ನು ಮನಿಲಾದ ಅಮೆರಿಕನ್ ಸಮಾಧಿಭೂಮಿಯಲ್ಲಿ ಕಾಣೆಯಾದವರ ಗೋಡೆಯ ಮೇಲೆ ಕೆತ್ತಿದರು. ಆ ಗೋಡೆಗಳ ಮೇಲೆ 36 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಲಂಡನ್ನಿನ ಹತ್ತಿರದ ರನ್ನಿಮೀಡ್‌ನಲ್ಲಿ ಗೋರಿಯಿಲ್ಲದ ವಾಯುಯೋಧರ ಇಂಥದೇ ಸ್ಮಾರಕವಿದೆ, ಅಲ್ಲಿ 20 ಸಾವಿರಕ್ಕೂ ಹೆಚ್ಚು. ಸಮುದ್ರದ ಮೇಲೆ ಹಾರಿ ಯುದ್ಧ ಮಾಡಿದ್ದಕ್ಕೆ ತೆತ್ತ ಬೆಲೆ ಇದು.

ಈಗ ಕಾಗದಗಳಿಗೆ ಬರುತ್ತೇನೆ. ಅದಕ್ಕೆ ಮೊದಲು ಒಂದು ಪಾರಿವಾಳದ ಪ್ರಸಂಗ ಹೇಳಲೇಬೇಕು. 1942ರ ಫೆಬ್ರುವರಿಯಲ್ಲಿ ಬ್ರಿಟನ್ನಿನ ಬ್ಯೂಫೋರ್ಟ್ ಬಾಂಬರ್ ಒಂದು ನಾರ್ವೆಯಿಂದ ಮರಳುವಾಗ ಉತ್ತರ ಸಮುದ್ರದಲ್ಲಿ ಬಿತ್ತು. ರೇಡಿಯೊ ಕೆಟ್ಟಿತ್ತು. ನಾಲ್ವರು ತೆಪ್ಪ ಹತ್ತಿದರು. ಆ ಕಾಲದಲ್ಲಿ ಬಾಂಬರ್‌ಗಳಲ್ಲಿ ಪಾರಿವಾಳ ಇಟ್ಟುಕೊಳ್ಳುತ್ತಿದ್ದರು. ವಿಂಕಿ ಎಂಬ ಹೆಣ್ಣು ಪಾರಿವಾಳ ಎಣ್ಣೆ ಮೆತ್ತಿದ ರೆಕ್ಕೆಯಲ್ಲೇ ಸುಮಾರು 120 ಮೈಲಿ ಹಾರಿ ಸ್ಕಾಟ್ಲೆಂಡಿನ ತನ್ನ ಗೂಡು ಸೇರಿತು. ಅದರ ಕಾಲಿನಲ್ಲಿ ಚೀಟಿ ಇರಲಿಲ್ಲ. ವಿಮಾನ ಯಾವಾಗ ಬಿದ್ದಿರಬಹುದು, ಹಕ್ಕಿ ಯಾವಾಗ ತಲುಪಿತು, ಗಾಳಿ ಯಾವ ಕಡೆಯದು, ಎಣ್ಣೆಯಿಂದ ಅದರ ವೇಗ ಎಷ್ಟು ತಗ್ಗಿರಬೇಕು ಎಂದು ನೆಲೆಯಲ್ಲಿದ್ದವರು ಲೆಕ್ಕ ಹಾಕಿದರು. ಹುಡುಕುವ ಜಾಗ ಬದಲಾಯಿತು, ನಾಲ್ವರೂ ಸಿಕ್ಕಿದರು. ಪ್ರಾಣಿಗಳ ಶೌರ್ಯಕ್ಕೆ ಕೊಡುವ ಡಿಕಿನ್ ಪದಕ ಮೊದಲ ಸಲ ಕೊಟ್ಟಾಗ ಪಡೆದವುಗಳಲ್ಲಿ ವಿಂಕಿಯೂ ಇತ್ತು. ಲೆಕ್ಕ ಹಾಕಿದವರಿಗೂ ಒಂದು ಕೊಡಬೇಕಿತ್ತು ಎಂದು ನನಗನ್ನಿಸುತ್ತದೆ. ಸಮುದ್ರದಲ್ಲಿ ಹುಡುಕುವ ಎಲ್ಲ ಕೆಲಸದ ಗುಟ್ಟೂ ಅದೇ, ಎಲ್ಲಿ ಹುಡುಕಬಾರದು ಎಂಬುದನ್ನು ಮೊದಲು ಮೇಜಿನ ಮೇಲೆ ತೀರ್ಮಾನಿಸುವುದು.

2013ರಲ್ಲಿ ಇಂಥದೇ ಲೆಕ್ಕಕ್ಕೆ ಕೂತವರು ಸ್ಕಾಟ್ ಆಲ್ಟೌಸ್, ಇಲಿನಾಯ್ಸ್ ವಿಶ್ವವಿದ್ಯಾಲಯದ ರಾಜ್ಯಶಾಸ್ತ್ರದ ಪ್ರಾಧ್ಯಾಪಕರು. ಆಲ್ಟೌಸ್‌ರಿಗೆ ಕೆಲ್ಲಿ ತಾಯಿಯ ಕಡೆಯ ಬಂಧು. ಅಮೆರಿಕದಲ್ಲಿ ಮೇ ತಿಂಗಳ ಕೊನೆಯ ಸೋಮವಾರ ಮಡಿದ ಸೈನಿಕರನ್ನು ನೆನೆಯುತ್ತಾರೆ. ಆ ದಿನ ಅವರಿಗೆ ಈ ಹುಡುಗನಿಗೆ ನಿಜವಾಗಿ ಏನಾಯಿತು ಎಂಬ ಕುತೂಹಲ ಹುಟ್ಟಿತು. ಲಿವರ್‌ಮೋರ್‌ನಲ್ಲಿ ಕೆಲ್ಲಿಯ ಹೆಸರಿನ ಕಲ್ಲೊಂದಿತ್ತು, ಅದರ ಕೆಳಗೆ ಯಾರೂ ಇರಲಿಲ್ಲ. ವಿಮಾನ ಹುಡುಕಿಬಿಡುತ್ತೇವೆ ಎಂಬ ಹುಂಬತನ ಅವರಿಗಿರಲಿಲ್ಲ. ಮನೆಯವರಿಗೆ ಒಂದು ಸರಿಯಾದ ವೃತ್ತಾಂತ ಬರೆದಿಡೋಣ ಎಂದಷ್ಟೇ ಹೊರಟರು. ಸೋದರಸಂಬಂಧಿಗಳು ಕೈಜೋಡಿಸಿದರು. ಕೆಲಸ ನಾಲ್ಕು ವರ್ಷ ಹಿಡಿಯಿತು.

ಅವರಿಗೆ ಸಿಕ್ಕ ಮುಖ್ಯ ದಾಖಲೆ ಕಾಣೆಯಾದ ವಿಮಾನ ಸಿಬ್ಬಂದಿಯ ವರದಿ. 1943ರಿಂದ ಅಮೆರಿಕದ ವಾಯುದಳ ಕಳೆದುಹೋದ ಪ್ರತಿ ವಿಮಾನಕ್ಕೂ ಇಂಥದೊಂದನ್ನು ಬೇಗನೆ ತುಂಬಿಸಿ ಕಳುಹಿಸಬೇಕೆಂದು ನಿಯಮ ಮಾಡಿತ್ತು. ಗುಮಾಸ್ತಿಕೆ ಎಂದು ಹೀಗಳೆಯುವವರು ಈ ನಮೂನೆಯನ್ನು ಒಮ್ಮೆ ನೋಡಬೇಕು. ಯಾವ ತುಕಡಿ, ಎಲ್ಲಿಂದ ಹೊರಟಿತು, ಹವಾಮಾನ ಹೇಗಿತ್ತು, ಕೊನೆಗೆ ಕಂಡದ್ದು ಎಲ್ಲಿ, ಕಂಡವರು ಯಾರು. ಎಂಜಿನ್‌ಗಳ ಕ್ರಮಸಂಖ್ಯೆ, ಒಂದೊಂದು ಮಷೀನ್‌ಗನ್ನಿನ ಕ್ರಮಸಂಖ್ಯೆ. ಒಬ್ಬೊಬ್ಬನ ಮನೆಯ ವಿಳಾಸ. ಜೊತೆಗೆ ಕಣ್ಣಾರೆ ಕಂಡವರ ಹೇಳಿಕೆ, ಸಾಧ್ಯವಾದರೆ ಒಂದು ನಕ್ಷೆ. ಆ ನಮೂನೆ ರೂಪಿಸಿದವನಿಗೆ ಎಪ್ಪತ್ತು ವರ್ಷಗಳ ಮೇಲೆ ಅದನ್ನು ಯಾರೋ ಓದುತ್ತಾರೆಂದು ಹೊಳೆದಿರಲಾರದು.

ಆದರೆ ಒಂದೇ ಹೇಳಿಕೆ ನಂಬಿ ಸಮುದ್ರಕ್ಕೆ ಇಳಿಯಲಾಗದು. ಒಬ್ಬ ಬಲಬದಿಯ ಗನ್ನರ್, ಇನ್ನೊಬ್ಬ ಹಿಂದಿನ ವಿಮಾನದವನು, ಮತ್ತೊಬ್ಬ ದಿನಗಳ ನಂತರ ಮನೆಗೆ ಪತ್ರ ಬರೆದವನು. ದೂರದ ಅಂದಾಜು ಒಬ್ಬೊಬ್ಬರದು ಒಂದೊಂದು. ಬೆಂಕಿಯಲ್ಲಿರುವ ಗೆಳೆಯರನ್ನು ನೋಡುತ್ತಿರುವವನು ದಂಡೆಯಿಂದ ಎಷ್ಟು ಮೈಲಿ ಎಂದು ಅಳೆಯುತ್ತಾ ಕೂರುತ್ತಾನೆಯೇ? ಹಾಗಾಗಿ ಬಂಧುಗಳು ಅದೇ ದಾಳಿಗೆ ಹೋಗಿದ್ದ ಬೇರೆ ವಿಮಾನಗಳ ಕಡತಗಳನ್ನು, ದಿನಚರಿಗಳನ್ನು, ಮನೆಗಳಲ್ಲಿ ಉಳಿದಿದ್ದ ಪತ್ರಗಳನ್ನು, ಫೋಟೊಗಳನ್ನು ಒಟ್ಟುಮಾಡಿ ಒಂದರ ಪಕ್ಕ ಒಂದಿಟ್ಟು ನೋಡಿದರು. ವಿಮಾನದಲ್ಲಿದ್ದ ಉಳಿದವರ ಕುಟುಂಬಗಳನ್ನೂ ಹುಡುಕಿ ಮಾತನಾಡಿಸಿದರು. ಹೇಳಿಕೆಗಳು ಎಲ್ಲೆಲ್ಲಿ ಕೂಡುತ್ತವೆ ಎಂದು ನೋಡುತ್ತಾ ಹೋದಂತೆ ಇಡೀ ಪೆಸಿಫಿಕ್ ಸಾಗರ ಕಿರಿದಾಗಿ ಒಂದು ಕೊಲ್ಲಿಯ ಒಂದು ಭಾಗಕ್ಕೆ ಬಂದು ನಿಂತಿತು. ನಾನು ‘ಕಾಗದದಲ್ಲಿ ಸಿಕ್ಕಿತು’ ಎಂದದ್ದು ಇದನ್ನೇ. ಈ ಕೆಲಸ ಮಾಡಿದವರಲ್ಲಿ ವೃತ್ತಿಪರ ಯುದ್ಧ ಇತಿಹಾಸಕಾರರು ಇರಲಿಲ್ಲ ಎಂಬುದು ನನಗಂತೂ ಸಂತೋಷದ ಸಂಗತಿ.

ಅವರ ವರದಿ ಪ್ರಾಜೆಕ್ಟ್ ರಿಕವರ್ ಎಂಬ ಸಂಸ್ಥೆಯ ಕೈ ಸೇರಿತು. ಡೆಲವೇರ್ ವಿಶ್ವವಿದ್ಯಾಲಯದ, ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಯ ವಿಜ್ಞಾನಿಗಳೂ ಸ್ವಯಂಸೇವಕ ಮುಳುಗುಗಾರರೂ ಸೇರಿ ಕಟ್ಟಿದ ಸಂಸ್ಥೆ ಅದು. 2017ರ ಅಕ್ಟೋಬರಿನಲ್ಲಿ ಅವರು ಹನ್ಸಾಕ್ಕೆ ಹೋದರು. ಸೋನಾರ್ ಹೊತ್ತ ಯಂತ್ರಗಳು ತಳವನ್ನು ಗೆರೆ ಎಳೆದಂತೆ ತಡವುತ್ತಾ ಹೋದವು. ಹನ್ನೊಂದು ದಿನಗಳಲ್ಲಿ ಸುಮಾರು 27 ಚದರ ಕಿಲೋಮೀಟರ್ ಶೋಧಿಸಿದ ಮೇಲೆ, 213 ಅಡಿ ಆಳದಲ್ಲಿ ಚೂರುಗಳು ಕಂಡವು. ರೋಬಾಟ್ ಕ್ಯಾಮೆರಾ ಇಳಿಸಿ ನೋಡಿದರೆ ಬಿ-24.

ಕಂಡ ಮಾತ್ರಕ್ಕೆ ಮೇಲೆತ್ತಲು ಆಗುವುದಿಲ್ಲ. 213 ಅಡಿ ಎಂದರೆ ಸುಮಾರು 65 ಮೀಟರ್. ಅಲ್ಲಿ ಒತ್ತಡ ನಾವು ಉಸಿರಾಡುವ ನೆಲದ ಮಟ್ಟದ ಏಳೂವರೆ ಪಟ್ಟು. ಸಾಮಾನ್ಯ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಹೋದರೆ ನೈಟ್ರೋಜನ್ ತಲೆಗೇರಿ ಅಮಲು ಬಂದಂತಾಗುತ್ತದೆ. ಕೆಲವೇ ನಿಮಿಷ ಕೆಲಸ ಮಾಡಿ, ಮೇಲೆ ಬರಲು ಅದರ ಹಲವು ಪಟ್ಟು ಹೊತ್ತು ತೆಗೆದುಕೊಳ್ಳಬೇಕು. ಅವಸರ ಮಾಡಿದರೆ ರಕ್ತದಲ್ಲಿ ಗುಳ್ಳೆಗಳೆದ್ದು ಪ್ರಾಣಕ್ಕೆ ಬರುತ್ತದೆ. ಹೀಗಾಗಿ 2023ರಲ್ಲಿ ಅಮೆರಿಕದ ನೌಕಾಪಡೆ ಬೇರೆ ದಾರಿ ಹಿಡಿಯಿತು. ಮುಳುಗುಗಾರರು ಹಡಗಿನ ಮೇಲಿನ ಉಕ್ಕಿನ ಕೋಣೆಯೊಂದರಲ್ಲಿ ಸಮುದ್ರದ ತಳದಷ್ಟೇ ಒತ್ತಡದಲ್ಲಿ ಬದುಕುತ್ತಾರೆ, ಉಣ್ಣುತ್ತಾರೆ, ಮಲಗುತ್ತಾರೆ. ಉಸಿರಾಡುವುದು ಹೀಲಿಯಂ ಬೆರೆತ ಗಾಳಿ. ಅದರಿಂದ ದನಿ ಕೀರಲಾಗುತ್ತದೆ. ಗಂಭೀರವಾದ ಈ ಕೆಲಸದ ನಡುವೆ ಅವರ ಮಾತುಗಳು ಮಕ್ಕಳ ಕಾರ್ಟೂನಿನಂತೆ ಕೇಳಿಸುತ್ತಿದ್ದಿರಬೇಕು. ಒತ್ತಡ ಕಾಯ್ದುಕೊಳ್ಳುವ ಗೂಡಿನಲ್ಲಿ ಕೂತು ತಳಕ್ಕಿಳಿದು, ಗಂಟೆಗಟ್ಟಲೆ ದುಡಿದು, ಮತ್ತೆ ಅದೇ ಕೋಣೆಗೆ ಮರಳುತ್ತಾರೆ. ದೇಹವನ್ನು ನೆಲದ ಒತ್ತಡಕ್ಕೆ ತರುವುದು ಕೊನೆಯಲ್ಲಿ ಒಮ್ಮೆ ಮಾತ್ರ, ನಿಧಾನವಾಗಿ, ದಿನಗಟ್ಟಲೆ. ಹನ್ಸಾದಲ್ಲಿ ಕೆಲಸ ನಡೆದದ್ದು ಐದು ವಾರ. ಹೂಳನ್ನು ಬುಟ್ಟಿಗಳಲ್ಲಿ ಮೇಲೆತ್ತಿ ಜರಡಿ ಹಿಡಿದರು.

ಮೂಳೆಗಳು ಸಿಕ್ಕಿದವು. ಅರ್ಧ ತುಕ್ಕು ತಿಂದ ಗುರುತಿನ ಬಿಲ್ಲೆ ಸಿಕ್ಕಿತು. ಆಪತ್ತಿನಲ್ಲಿ ತಿಳಿಸಬೇಕಾದವರು ಎಂಬಲ್ಲಿ ಟೆನಿಸನ್‌ನ ಹೆಂಡತಿಯ ಹೆಸರು ಓದಲು ಬರುವಂತಿತ್ತು. ಕೆಲ್ಲಿಯ ಉಂಗುರ ಸಿಕ್ಕಿತು. ಹರಳು ಹೋಗಿತ್ತು, ಬಾಂಬಾರ್ಡಿಯರ್ ಎಂಬ ಅಕ್ಷರಗಳು ಉಳಿದಿದ್ದವು.

ಉಂಗುರ ಸಿಕ್ಕಿದ ಮಾತ್ರಕ್ಕೆ ಮೂಳೆ ಯಾರದೆಂದು ಹೇಳುವಂತಿಲ್ಲ. ಅದಕ್ಕೆ ಡಿಎನ್‌ಎ ಬೇಕು, ಹೋಲಿಸಿ ನೋಡಲು ಬಂಧುಗಳ ಮಾದರಿ ಬೇಕು. ತಾಯಿಯಿಂದ ಮಕ್ಕಳಿಗೆ ಹರಿಯುವ ಮೈಟೊಕಾಂಡ್ರಿಯಾದ ಡಿಎನ್‌ಎ ಹಳೆಯ ಮೂಳೆಗಳಲ್ಲಿ ಹೆಚ್ಚು ಕಾಲ ಉಳಿಯುತ್ತದೆ. ಎಂದ ಮೇಲೆ ಸತ್ತವನ ಅಕ್ಕತಂಗಿಯರ ಮಕ್ಕಳು, ಅವರ ಹೆಣ್ಣುಮಕ್ಕಳ ಮಕ್ಕಳು, ತಾಯಿಯ ಒಡಹುಟ್ಟಿದ ಚಿಕ್ಕಮ್ಮ ದೊಡ್ಡಮ್ಮಂದಿರ ಹೆಣ್ಣುಸಂತತಿ ಎಲ್ಲಿದ್ದಾರೆ ಎಂದು ಹುಡುಕಬೇಕು. ಮತ್ತೆ ಕಾಗದವೇ: ಜನನ ದಾಖಲೆ, ಮದುವೆ ದಾಖಲೆ, ಜನಗಣತಿಯ ಹಾಳೆ. ನಮ್ಮಲ್ಲಿ ವಂಶವೃಕ್ಷ ಬರೆದಿಡುವವರು ಗಂಡುಮಕ್ಕಳ ಕೊಂಬೆಯನ್ನಷ್ಟೇ ಬೆಳೆಸಿ ಹೆಣ್ಣುಮಕ್ಕಳನ್ನು ಕೊಟ್ಟ ಮನೆಯ ಹೆಸರಿನಲ್ಲಿ ನಿಲ್ಲಿಸಿಬಿಡುತ್ತೇವೆ. ಇಂಥ ಕೆಲಸಕ್ಕೆ ಆ ಪಟ್ಟಿಯಿಂದ ಅರ್ಧ ಉಪಯೋಗವೂ ಇಲ್ಲ.

2024ರಲ್ಲಿ ನಾಲ್ವರ ಗುರುತು ಖಚಿತವಾಯಿತು, ನಾನು ಹೆಸರು ಹೇಳಿದ ಆ ನಾಲ್ವರದೇ. 2025ರ ಮೇ ಕೊನೆಯ ಸೋಮವಾರ ಕೆಲ್ಲಿಯನ್ನು ಲಿವರ್‌ಮೋರ್‌ನಲ್ಲಿ ಮಣ್ಣು ಮಾಡಿದರು. ಅವನ ತಂದೆತಾಯಿ, ಒಡಹುಟ್ಟಿದವರ ಕಾಲ ಮುಗಿದು ಎಷ್ಟೋ ವರ್ಷಗಳಾಗಿದ್ದವು. ಬಂದವರಲ್ಲಿ ಬಹಳಷ್ಟು ಮಂದಿ ಅವನನ್ನು ನೋಡಿಯೇ ಇಲ್ಲದವರು.

ಉಳಿದ ಏಳು ಮಂದಿ ಇನ್ನೂ ಕಾಣೆಯಾದವರ ಪಟ್ಟಿಯಲ್ಲಿದ್ದಾರೆ. ಮತ್ತೊಮ್ಮೆ ಅಲ್ಲಿಗೆ ಹೋಗುವುದನ್ನು ಅಮೆರಿಕದ ಸೇನೆ ತಳ್ಳಿಹಾಕಿಲ್ಲ.

ಮಾತು ಮುಗಿಸಿದ ಮೇಲೆ ಮೂರು ಪ್ರಶ್ನೆಗಳು ಬಂದವು.

ಒಬ್ಬರು ಕೇಳಿದರು: ನಮ್ಮ ವಾಯುಪಡೆಯ ಎಎನ್-32 ಕೂಡ ಹೀಗೇ ಸಿಕ್ಕಿತಲ್ಲವೇ? ಹೌದು. 2016ರ ಜುಲೈ 22ರಂದು ತಾಂಬರಂನಿಂದ ಪೋರ್ಟ್‌ಬ್ಲೇರ್‌ಗೆ ಹೊರಟ ವಿಮಾನ 29 ಜನರೊಂದಿಗೆ ಬಂಗಾಳ ಕೊಲ್ಲಿಯಲ್ಲಿ ಕಣ್ಮರೆಯಾಯಿತು. ಹಡಗುಗಳೂ ವಿಮಾನಗಳೂ ವಾರಗಟ್ಟಲೆ ಹುಡುಕಿ ಕೈಚೆಲ್ಲಿದವು. 2024ರ ಜನವರಿಯಲ್ಲಿ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ಸ್ವಯಂಚಾಲಿತ ನೀರೊಳಗಿನ ವಾಹನ ಚೆನ್ನೈ ಕರಾವಳಿಯಿಂದ ಸುಮಾರು 310 ಕಿಲೋಮೀಟರ್ ದೂರದಲ್ಲಿ, 3,400 ಮೀಟರ್ ಆಳದಲ್ಲಿ ತೆಗೆದ ಚಿತ್ರಗಳಲ್ಲಿ ಅದರ ಅವಶೇಷ ಕಂಡಿತು. ಹನ್ಸಾಕ್ಕಿಂತ ಐವತ್ತು ಪಟ್ಟು ಆಳ. ಅಲ್ಲಿಗೆ ಮನುಷ್ಯ ಮುಳುಗಿ ಹೋಗಿ ಜರಡಿ ಹಿಡಿಯುವುದು ಆಗದ ಮಾತು.

ಇನ್ನೊಬ್ಬರದು ಖಾರವಾದ ಪ್ರಶ್ನೆ: ಎಂಬತ್ತು ವರ್ಷ ಹಿಂದಿನ ಮೂಳೆಗೆ ಇಷ್ಟು ದುಡ್ಡು ಸುರಿಯಬೇಕೇ? ದುಡ್ಡು ಅವರದು, ಹೇಗೆ ಖರ್ಚು ಮಾಡಬೇಕೆಂದು ನಾವು ಹೇಳುವ ಹಾಗಿಲ್ಲ. ನನ್ನನ್ನು ಕಾಡುವುದು ಬೇರೆ. ಹುಡುಕುವವರಿದ್ದರೆ ಮಾತ್ರ ಸಿಗುತ್ತಾರೆ. ಜಪಾನಿನ ಲೆಕ್ಕದಂತೆ ವಿದೇಶಗಳಲ್ಲಿ ಸತ್ತ ಅದರ ಸುಮಾರು 24 ಲಕ್ಷ ಜನರಲ್ಲಿ 11 ಲಕ್ಷಕ್ಕೂ ಹೆಚ್ಚು ಮಂದಿಯ ಅವಶೇಷಗಳು ಇನ್ನೂ ಮನೆಗೆ ಮರಳಿಲ್ಲ. ಹನ್ಸಾದ ಹೂಳಿನಲ್ಲಿರುವ ಆ ಹಡಗುಗಳವರೂ ಅದರಲ್ಲಿ ಸೇರಿದ್ದಾರು.

ಮೂರನೆಯದು ಹಿಂದಿನ ಸಾಲಿನಲ್ಲಿದ್ದ ಕಾಲೇಜು ಹುಡುಗಿಯದು: ಅಲ್ಲಿ ನಮ್ಮವರು ಯಾರೂ ಇರಲಿಲ್ಲವೇ ಸರ್?

ಇದ್ದರು. 1942ರ ಫೆಬ್ರುವರಿಯಲ್ಲಿ ಸಿಂಗಪುರ ಬಿದ್ದಾಗ ಸೆರೆಯಾದ ಭಾರತೀಯ ಸೈನಿಕರಲ್ಲಿ ಸುಮಾರು ಮೂರು ಸಾವಿರ ಮಂದಿಯನ್ನು ಜಪಾನಿಯರು ಮರುವರ್ಷ ಹಡಗಿನಲ್ಲಿ ತುಂಬಿ ವೆವಾಕ್‌ಗೆ, ಇದೇ ಕರಾವಳಿಗೆ, ತಂದು ಕೂಲಿಗೆ ಹಚ್ಚಿದರು. ಹಸಿವು, ಮಲೇರಿಯಾ, ಹೊಡೆತ. ಮೇಲಿನಿಂದ ಮಿತ್ರಪಡೆಗಳ ಬಾಂಬು. ಕೆಲ್ಲಿಯಂಥ ಹುಡುಗರು ಕೆಡವಿದ ಬಾಂಬು ಬಿದ್ದ ನೆಲದಲ್ಲೇ ನಮ್ಮವರು ಗುಂಡಿ ತೋಡಿಕೊಂಡು ಕೂತಿದ್ದರು. 1945ರಲ್ಲಿ ಆಸ್ಟ್ರೇಲಿಯಾದ ಸೇನೆಯ ಕೈಗೆ ಜೀವಂತ ಸಿಕ್ಕಿದವರು ಇನ್ನೂರರ ಆಜುಬಾಜು. ಅವರಲ್ಲಿ ಒಬ್ಬರು ಜಮಾದಾರ್ ಎಂಬ ಸೇನಾ ದರ್ಜೆಯ ಚಿಂತ್ ಸಿಂಗ್. ಯುದ್ಧಾಪರಾಧಗಳ ವಿಚಾರಣೆಯಲ್ಲಿ ಸಾಕ್ಷಿ ಹೇಳಲು ಅವರು ಹಿಂದೆ ಉಳಿದರು. ಅವರ ಜೊತೆಗಾರರಲ್ಲಿ ಕೆಲವರು ಊರಿಗೆ ಹೊರಟ ವಿಮಾನ ಬಿದ್ದು ಸತ್ತರು. ನ್ಯೂಗಿನಿಯ ಲೇ ಎಂಬ ಪಟ್ಟಣದ ಯುದ್ಧ ಸಮಾಧಿಭೂಮಿಯಲ್ಲಿ ಅನೇಕ ಭಾರತೀಯರ ಗೋರಿಗಳಿವೆ. ಹೆಸರಿಲ್ಲದವೂ ಇವೆ.

ಕನ್ನಡಿಗರು ಎಂದು ಕೇಳಿದರೆ, ಮೈಸೂರು ಸಂಸ್ಥಾನದ ಕಾಲ್ದಳದ ಒಂದು ತುಕಡಿ ಸಿಂಗಪುರದಲ್ಲಿತ್ತು, ಶರಣಾಗತಿಯ ದಿನ ಅದೂ ಸೆರೆಯಾಯಿತು. ಅವರ ಮನೆಗಳು ಬೆಂಗಳೂರು, ಮೈಸೂರು, ಮಂಡ್ಯ, ತುಮಕೂರು ಕಡೆಯವು ಇದ್ದಾವು. ಅಂಥ ಮನೆಗಳ ಟ್ರಂಕಿನಲ್ಲಿ ಸೆರೆಯಾಳಿನ ಕಾರ್ಡು, ಸಂಬಳದ ಪುಸ್ತಕ, ಪಿಂಚಣಿ ಕಾಗದ, ಹಿಂದೆ ಹೆಸರು ಬರೆದ ಗುಂಪು ಫೋಟೊ ಏನಿದ್ದರೂ ಮನೆ ಬದಲಾಯಿಸುವಾಗ ರದ್ದಿಗೆ ಹಾಕಬೇಡಿ. ಸೈನಿಕನ ಹೆಸರು, ಸಂಖ್ಯೆ, ತುಕಡಿ, ತಾರೀಕು, ಊರು, ತಾಯಿಯ ಹೆಸರು ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಜೊತೆಗಿಡಿ. ಇಲ್ಲಿನ ಗ್ರಂಥಪಾಲಕರು ಅವುಗಳ ಪ್ರತಿ ತೆಗೆದಿಡಲು ಒಪ್ಪಿದ್ದಾರೆ. ಪ್ರತಿ ಸಂಜೆ ಐದರಿಂದ ಏಳರವರೆಗೆ ಇರುತ್ತಾರೆ.